ಎಸ್‌ಡಿಎಂಸಿ ಅಧ್ಯಕ್ಷರ ಮನೆಯವರೇ ಅತಿಥಿ ಶಿಕ್ಷಕಿ, ನಾನೂ ಸಹಿ ಹಾಕಿದ್ದೇನೆ. ಈಗೇನು ಮಾಡಲಿ?

ತೆಂಗಿನಗರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ತುಮಕೂರು ಕಡೆಯ ಒಂದು ಹಳ್ಳಿ ನಮ್ಮದು. ಊರ ಹೆಸರು ಬೇಡ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ಕ್ಲಾಸು, 112 ಮಕ್ಕಳು. ನನ್ನ ಮಗಳು ಐದನೇ ಕ್ಲಾಸು. ಹೋದ ವರ್ಷ ಪೋಷಕರ ಸಭೆಯಲ್ಲಿ ನನ್ನನ್ನೂ ಎಸ್‌ಡಿಎಂಸಿಗೆ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಗೆ, ಆರಿಸಿದರು. ಆರಿಸಿದರು ಅಂದರೆ ಓಟು ಗೀಟು ಏನಿಲ್ಲ, ಯಾರೋ ನನ್ನ ಹೆಸರು ಕೂಗಿದರು, ಇನ್ನಾರೋ ಕೈ ಎತ್ತಿದರು, ನಾನು ಬೇಡ ಅನ್ನಲಿಲ್ಲ.

ಜೂನ್‌ನಲ್ಲಿ ಒಂದು ಅತಿಥಿ ಶಿಕ್ಷಕರ ಜಾಗ ಬಂತು. ಎರಡು ಅರ್ಜಿ ಬಂದಿದ್ದವು. ಒಂದು ನಮ್ಮ ಅಧ್ಯಕ್ಷರ ತಮ್ಮನ ಹೆಂಡತಿಯದು. ಇನ್ನೊಂದು ಪಕ್ಕದೂರಿನ ಹುಡುಗಿಯದು. ಆ ಹುಡುಗಿಗೆ ಡಿ.ಎಡ್‌ನಲ್ಲಿ ಜಾಸ್ತಿ ಅಂಕ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಕೂಡ ಪಾಸು. ಸಭೆ ನಡೆಯಲೇ ಇಲ್ಲ. ಒಂದು ಸಂಜೆ ನಡಾವಳಿ ಪುಸ್ತಕವೇ ನಮ್ಮ ಮನೆಗೆ ಬಂತು. ನಾನು ಹಾಲು ಕರೆಯುತ್ತಿದ್ದೆ. ಕೈ ಒರೆಸಿಕೊಂಡು ಸಹಿ ಹಾಕಿ ಕಳಿಸಿದೆ. ಪುಟದ ಮೇಲೆ ಬರೀ ದಿನಾಂಕ ಇತ್ತು, ನನಗಿಂತ ಮೊದಲು ಏಳೆಂಟು ಜನ ಹಾಕಿದ್ದರು, ನಡುವೆ ಎಲ್ಲ ಖಾಲಿ. ಆಮೇಲೆ ಆ ಖಾಲಿ ಜಾಗದಲ್ಲಿ "ಸರ್ವಾನುಮತದಿಂದ ಆಯ್ಕೆ" ಅಂತ ಬರೆದಿದ್ದಾರೆ.

ಶಾಲಾ ಅನುದಾನದಲ್ಲಿ ಸುಣ್ಣಬಣ್ಣ ಹೊಡೆಸಿದ್ದೂ ಅಧ್ಯಕ್ಷರ ಭಾಮೈದನ ಕೈಯಲ್ಲೇ. ಕೆಲಸ ಚೆನ್ನಾಗೇ ಆಗಿದೆ, ಸುಳ್ಳು ಹೇಳಬಾರದು.

ಅಧ್ಯಕ್ಷರು ಕೆಟ್ಟವರಲ್ಲ. ಶಾಲೆಯ ಬೋರ್‌ವೆಲ್ ಮೋಟರು ಸುಟ್ಟಾಗ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದವರು. ಆ ಮೇಡಂ ಕೂಡ ಚೆನ್ನಾಗಿ ಪಾಠ ಮಾಡುತ್ತಾರೆ, ನನ್ನ ಮಗಳಿಗೆ ಅವರು ಅಂದ್ರೆ ಇಷ್ಟ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ಸಂತೆಯಲ್ಲಿ ಆ ಹುಡುಗಿಯ ಅಪ್ಪ ಸಿಕ್ಕಿದ್ದರು. ಜಗಳ ಆಡಲಿಲ್ಲ. "ನೀವೂ ಸಭೇಲಿ ಇದ್ರಂತಲ್ಲ ಸ್ವಾಮಿ, ನನ್ನ ಮಗಳಲ್ಲಿ ಏನು ಕಮ್ಮಿ ಕಂಡ್ರಿ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ.

ಇದು ಕಾನೂನಿಗೆ ತಪ್ಪೋ, ಬರೀ ನನ್ನ ಮನಸ್ಸಿಗೆ ಅನ್ನಿಸುವ ತಪ್ಪೋ? ಶಾಲೆ ಒಡೆಯದ ಹಾಗೆ ಏನು ಮಾಡಬಹುದು?

ನಿವೃತ್ತ_ಮೇಷ್ಟ್ರು:

31 ವರ್ಷ ಸರ್ವಿಸು ಮಾಡಿದ್ದೇನೆ, ಕೊನೆಯ 12 ವರ್ಷ ಮುಖ್ಯ ಶಿಕ್ಷಕ. ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಧ್ಯಕ್ಷರ ತಮ್ಮನ ಹೆಂಡತಿ ವಿಷಯ ಆಮೇಲೆ. ಮೊದಲ ತಪ್ಪು ನಿಮ್ಮ ಸಹಿ. ನಡೆಯದ ಸಭೆಗೆ ನೀವು ಸಾಕ್ಷಿ ಹೇಳಿದ್ದೀರಿ.

ಈ ಸಮಿತಿ ಹೇಗೆ ಹುಟ್ಟಿತು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು, ಹೆಸರಿಗೆ ಮಾತ್ರ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ, ಶಾಲೆಯನ್ನು ಅಲ್ಲಿ ಓದುವ ಮಕ್ಕಳ ಅಪ್ಪ ಅಮ್ಮನೇ ನೋಡಿಕೊಳ್ಳಲಿ ಅಂತ ಹೇಳಿತು. 2001ರ ಏಪ್ರಿಲ್‌ನಲ್ಲಿ ಸರ್ಕಾರ ಎಸ್‌ಡಿಎಂಸಿ ಆದೇಶ ಹೊರಡಿಸಿತು. 2006ರಲ್ಲಿ ಮಾದರಿ ಉಪವಿಧಿ ಬಂತು. 2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಜಾರಿ ಆದ ಮೇಲೆ ಇದಕ್ಕೆ ಕಾನೂನಿನ ಬಲ ಸಿಕ್ಕಿತು. ಕಲಂ 21 ತೆಗೆದು ನೋಡಿ: ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಜನ ಹೆಂಗಸರು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡಬೇಕು, ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ಕಾಯಬೇಕು. ಸಂಬಂಧಿಕರ ಬಗ್ಗೆ ಆ ಕಲಂನಲ್ಲಿ ಒಂದು ಸಾಲೂ ಇಲ್ಲ. ಅತಿಥಿ ಶಿಕ್ಷಕರನ್ನು ಅರ್ಹತೆ ನೋಡಿ ತೆಗೆದುಕೊಳ್ಳಬೇಕು ಅನ್ನುವುದು ಮಾತ್ರ ಇಲಾಖೆಯ ಮಾತು. ಆ ಹುಡುಗಿಯ ಅಂಕ ಜಾಸ್ತಿ ಇದ್ದರೆ ನಿಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) ಉತ್ತರ ಕೊಡಬೇಕಾಗುತ್ತದೆ. ಅವರು ಸಮಿತಿಯ ಸದಸ್ಯ ಕಾರ್ಯದರ್ಶಿ, ಪುಸ್ತಕ ಅವರದು.

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಶಾಲೆಯಲ್ಲಿ ಬೆಂಚು ಮಾಡಿಸಬೇಕಿತ್ತು. ನನ್ನ ಅಕ್ಕನ ಗಂಡ ಬಡಗಿ. ಬೇರೆಯವರಿಗಿಂತ ಕಡಿಮೆ ದರ ಹೇಳಿದ, ಒಳ್ಳೆ ಮರ ಹಾಕಿದ. ನಾನು ಒಂದು ರೂಪಾಯಿ ಮುಟ್ಟಿಲ್ಲ. ಆದರೆ ಸಮಿತಿಗೆ ಅವನು ನನ್ನ ಭಾವ ಅಂತ ಹೇಳಿರಲಿಲ್ಲ, ಅವರಿಗೆ ಹೊರಗಿನಿಂದ ಗೊತ್ತಾಯಿತು. ನಾನು ಆ ಊರು ಬಿಟ್ಟು ಎಷ್ಟೋ ವರ್ಷ ಆಯಿತು, ಈಗಲೂ ಅವಕ್ಕೆ "ಮೇಷ್ಟ್ರ ಭಾವನ ಬೆಂಚು" ಅಂತಲೇ ಹೆಸರಂತೆ. ಬೆಂಚು ಮಾತ್ರ ಇನ್ನೂ ಗಟ್ಟಿ ಇವೆ!

ನೀವು ಮಾಡಬೇಕಾದ್ದು ಇಷ್ಟು. ಸಭೆ ಕರೆಯಿರಿ ಅಂತ ಎಚ್‌ಎಂಗೆ ಬರವಣಿಗೆಯಲ್ಲಿ ಕೊಡಿ. ಸಭೆಯಲ್ಲಿ ಈ ಎರಡು ವಿಷಯ ಬಂದಾಗ ಅಧ್ಯಕ್ಷರು ಎದ್ದು ಹೊರಗೆ ಹೋಗಲಿ, ಉಪಾಧ್ಯಕ್ಷರು ನಡೆಸಲಿ. ಅವರು ಹೊರಗೆ ಹೋದರು ಅಂತಲೂ ನಡಾವಳಿಯಲ್ಲಿ ಬರೆಯಬೇಕು. ಎರಡು ಅರ್ಜಿಯ ಅಂಕವನ್ನೂ ಪಕ್ಕಪಕ್ಕ ಬರೆಯಬೇಕು. ಆಮೇಲೆ ಯಾರನ್ನೇ ಆರಿಸಿ, ಕಾರಣ ಬರೆಯಿರಿ.

ಕಡತ_ಕಿಟ್ಟಿ:

ಇಷ್ಟೆಲ್ಲ ಯಾಕೆ? ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಬರೆಯಬೇಕು, ಹಾಗಾಗಿ ನಡಾವಳಿಗೆ ಒಂದು, ಸುಣ್ಣಬಣ್ಣದ ವೋಚರಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿದರೆ ಹಾಗೇ ವಾಪಸ್ ಬರುತ್ತದೆ. ನನಗೆ ಬಂದಿದೆ.

112 ಮಕ್ಕಳು ಅಂದ್ರಲ್ಲ, ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. 100 ಮಕ್ಕಳೇ ಆಗಿದ್ದರೆ 25,000. ನಿಮ್ಮ 50,000ದಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು, ಅಂದರೆ 5,000. ಶೌಚಾಲಯದ ಬಾಗಿಲು ಹೇಗಿದೆ ಅಂತ ನೋಡಿ ಬನ್ನಿ, ಗೋಡೆಯ ಬಣ್ಣ ನೋಡಬೇಡಿ.

ನಿವೃತ್ತ_ಮೇಷ್ಟ್ರು:

ಕಿಟ್ಟಿಯವರೇ, ಅವರು ಸಮಿತಿಯ ಸದಸ್ಯರು. ತಮ್ಮ ಮನೆಯ ಬೀರು ತೆಗೆಯೋಕೆ ಯಾರಾದರೂ ಅರ್ಜಿ ಹಾಕುತ್ತಾರಾ? ಹೋಗಿ ಪುಸ್ತಕ ಕೊಡಿ ಅಂದರೆ ಕೊಡಬೇಕು. ಕೊಡದಿದ್ದರೆ ಆಮೇಲೆ ನಿಮ್ಮ 10 ರೂಪಾಯಿ.

ಹೊಲದ_ಬದು:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೈಕೊಳ್ಳಿ ಪರವಾಗಿಲ್ಲ.

ಎಸ್‌ಡಿಎಂಸಿ ಸದಸ್ಯರಿಗೆ ಸಂಬಳ ಇಲ್ಲ. ಸಭೆ ಇದ್ದ ದಿನ ಕೂಲಿ ಹೋಗುತ್ತದೆ. ಬಾಗಿಲು ಮುರಿದರೆ ಅವರೇ ಓಡಾಡಬೇಕು, ಮಗು ಬಿದ್ದರೆ ಅವರ ಬೈಕೇ ಆಂಬುಲೆನ್ಸು. ಇಂಥವರ ಮೇಲೆ ನೀತಿ ನಿಯಮ ಅಂತ ಬೆಟ್ಟ ಹೊರಿಸಿದರೆ ಮುಂದಿನ ಸಲ ಅಧ್ಯಕ್ಷ ಆಗೋಕೆ ಯಾರು ಬರ್ತಾರೆ? 400 ಮನೆ ಇರುವ ಊರಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ. ನೆಂಟರನ್ನು ಬಿಟ್ಟು ಕೆಲಸ ಕೊಡಿ ಅಂದರೆ ಪಕ್ಕದ ತಾಲ್ಲೂಕಿಗೆ ಹೋಗಬೇಕು.

ಇನ್ನೊಂದು ಕಡೆ ಪಿಯು ಕಾಲೇಜು ನೋಡಿ. 2014ರ ಸುತ್ತೋಲೆ ಪ್ರಕಾರ ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅವರನ್ನು ಪೋಷಕರು ಆರಿಸಿದ್ದಾರಾ? ಅಲ್ಲಿ ಯಾರೂ "ಎದ್ದು ಹೊರಗೆ ಹೋಗಿ ಸಾರ್" ಅನ್ನಲ್ಲ. ಬಡವನ ಮನೆ ಹುಳುಕು ಎತ್ತಿ ತೋರಿಸೋದು ಸುಲಭ.

ತೆಂಗಿನಗರಿ:

ಬದು ಅವರೇ, ನಾನೂ ಹಾಗೇ ಅಂದುಕೊಂಡು ಮೂರು ತಿಂಗಳು ಕಳೆದೆ. ಆದರೆ ಆ ಹುಡುಗಿ ಶಾಸಕರ ಮಗಳಲ್ಲ. ಅವಳ ಅಪ್ಪ ನನ್ನ ಹಾಗೇ ಎರಡು ಹಸು ಕಟ್ಟಿಕೊಂಡಿರುವವರು.

ಎರಡನೇ_ಬೆಂಚು:

ನಾನೂ ಎಸ್‌ಡಿಎಂಸಿ ಸದಸ್ಯೆ, ರಾಯಚೂರು ಕಡೆ. ಮೊದಲನೇ ವರ್ಷ ನನ್ನ ಸಹಿ ನಮ್ಮ ಯಜಮಾನರು ಹಾಕ್ತಿದ್ದರು. ಅರ್ಧ ಜನ ಹೆಂಗಸರು ಅಂತ ಕಾಯ್ದೆ ಹೇಳುತ್ತದೆ, ನಮ್ಮ ಸಭೆಯಲ್ಲಿ ಅಷ್ಟೂ ಹೆಂಗಸರ ಗಂಡಂದಿರು ಕೂತಿದ್ದರು. ಒಂದು ದಿನ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಬಂದು ನನ್ನ ಹೆಸರು ಕರೆದಾಗ ಇವರು ಎದ್ದು ನಿಂತರಂತೆ. ಅವರು ನಕ್ಕು "ನಿಮ್ಮ ಹೆಸರು ಹನುಮಂತಮ್ಮನಾ?" ಅಂದರಂತೆ. (ಇಲ್ಲಿ ಹೆಸರು ಬದಲಾಯಿಸಿದ್ದೀನಿ.) ಊರೆಲ್ಲ ನಕ್ಕಿತು. ಮುಂದಿನ ಸಭೆಗೆ ನಾನೇ ಹೋದೆ.

ಹೋದ ಮೇಲೆ ನಾನು ಮಾಡಿದ ದೊಡ್ಡ ಕೆಲಸ ಏನು ಅಂದ್ರೆ ಮೊಟ್ಟೆ ಎಣಿಸಿದ್ದು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡೂ ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಕೊಡಬೇಕು, ಮೊಟ್ಟೆ ಬೇಡ ಅನ್ನುವ ಮಗುವಿಗೆ ಬಾಳೆಹಣ್ಣು. ನಾನು ಬಿಸಿಯೂಟದ ಹೊತ್ತಿಗೆ ಹೋಗಿ ಸುಮ್ನೆ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳು, ತಟ್ಟೆಯಲ್ಲಿ ಎಷ್ಟು ಮೊಟ್ಟೆ, ಅಷ್ಟೇ. ಯಾರಿಗೂ ಏನೂ ಅನ್ನಲಿಲ್ಲ. ಒಂದು ವಾರದಲ್ಲಿ ಎರಡೂ ಲೆಕ್ಕ ಒಂದೇ ಆಯಿತು. ಅದಕ್ಕೆ ಮೊದಲು ಒಂದೇ ಇತ್ತಾ ಅಂತ ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ತೆಂಗಿನಗರಿ ಅಣ್ಣ, ನೀವು ಅಧ್ಯಕ್ಷರ ಹತ್ತಿರ ಒಬ್ಬರೇ ಹೋಗಿ ಮಾತಾಡಿದ್ದೀರಾ? ಸಭೆಯಲ್ಲಿ ಹತ್ತು ಜನರ ಎದುರಿಗೆ ಮೊದಲ ಸಲ ಎತ್ತಿದರೆ ಗಂಡಸರು ಮೀಸೆ ಮೇಲೆ ಕೈ ಹಾಕ್ತಾರೆ, ಆಮೇಲೆ ಅಂಕನೂ ಇಲ್ಲ ಅರ್ಜಿನೂ ಇಲ್ಲ, ಬರೀ ಮರ್ಯಾದೆ ಪ್ರಶ್ನೆ. ಮೊದಲು ಅವರ ಮನೆ ಜಗಲಿ ಮೇಲೆ ಕೂತು ಹೇಳಿ. ಸಭೆಯಲ್ಲಿ ಹೀಗೆ ಕೇಳ್ತೀನಿ ಅಂತಲೂ ಹೇಳಿ. ಬಚ್ಚಿಡಬೇಡಿ.

ಆಮೇಲೆ ಮಕ್ಕಳ ಗ್ರಾಮ ಸಭೆ ಮರೆಯಬೇಡಿ. ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಾಡ್ತಾರಲ್ಲ, ಅದರಲ್ಲಿ ಮಕ್ಕಳು ಕೇಳುವ ಪ್ರಶ್ನೆಗೆ ದೊಡ್ಡವರ ಹತ್ತಿರ ಉತ್ತರ ಇರಲ್ಲ. ನಮ್ಮೂರಲ್ಲಿ ಒಬ್ಬಳು ಆರನೇ ಕ್ಲಾಸಿನ ಹುಡುಗಿ ಶೌಚಾಲಯದ ಚಿಲಕದ ಬಗ್ಗೆ ಕೇಳಿದಳು. ಸೋಮವಾರ ಚಿಲಕ ಬಂತು. ನಾವು ಎರಡು ವರ್ಷ ಕೇಳಿದ್ದೆವು!

ಸ್ಯಾನ್‌ಡಿಯೇಗೋ_ಹಾಸನ:

ಹಾಸನದವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಶಾಲಾ ಮಂಡಳಿಗೆ ನಿಜವಾಗಲೂ ಚುನಾವಣೆ ನಡೆಯುತ್ತದೆ, ರಸ್ತೆ ಬದಿ ಬೋರ್ಡು ನೆಟ್ಟು ಪ್ರಚಾರ ಮಾಡುತ್ತಾರೆ. ನನಗೆ ಓಟಿಲ್ಲ, ವೀಸಾ ಮೇಲಿರುವವನು. ಆದರೆ ಮಂಡಳಿ ಸಭೆಗೆ ಹೋಗಿ ಮೈಕಿನಲ್ಲಿ ಮಾತಾಡಬಹುದು. ಒಂದು ಸಲ ಗಣಿತದ ಕ್ಲಾಸಿನ ವಿಷಯಕ್ಕೆ ಹೋಗಿ ಮೂರು ನಿಮಿಷದಲ್ಲಿ ಎರಡು ನಿಮಿಷ ತೊದಲಿದೆ.

ಇಲ್ಲಿಯ ಕೆಲವು ಪದ್ಧತಿ ಹೇಳುತ್ತೇನೆ. ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲು ಹೊರಗೆ ಅಂಟಿಸಲೇಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಮಾಮೂಲಾಗಿ ತೀರ್ಮಾನ ಮಾಡುವ ಹಾಗಿಲ್ಲ. ಇದು 1953ರ ಬ್ರೌನ್ ಆಕ್ಟ್. ಆಮೇಲೆ ಪ್ರತಿ ಸದಸ್ಯರೂ ವರ್ಷಕ್ಕೊಮ್ಮೆ ಫಾರ್ಮ್ 700 ಅಂತ ತುಂಬಬೇಕು, ತಮ್ಮ ಆದಾಯ, ಹೂಡಿಕೆ, ಯಾರಿಂದ ಏನು ಉಡುಗೊರೆ ಬಂತು ಎಲ್ಲ. ಅದನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಒಂದು ಕಾಂಟ್ರಾಕ್ಟಿನಲ್ಲಿ ಸದಸ್ಯರಿಗೆ ದುಡ್ಡಿನ ಲಾಭ ಇದ್ದರೆ ಅವರು ಎದ್ದು ಹೋದರೂ ಸಾಲದು. ಕೆಲವು ವಿನಾಯಿತಿ ಬಿಟ್ಟರೆ ಇಡೀ ಮಂಡಳಿಯೇ ಆ ಕಾಂಟ್ರಾಕ್ಟು ಮಾಡುವ ಹಾಗಿಲ್ಲ.

ಇಷ್ಟೆಲ್ಲ ಇದ್ದೂ ಏನಾಯಿತು ಕೇಳಿ. ನಮ್ಮ ದಕ್ಷಿಣಕ್ಕಿರುವ ಸ್ವೀಟ್‌ವಾಟರ್ ಶಾಲಾ ಜಿಲ್ಲೆಯಲ್ಲಿ 2006ರಲ್ಲಿ ಜನ ಓಟು ಹಾಕಿ 644 ಮಿಲಿಯನ್ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು, ಶಾಲೆ ಕಟ್ಟಡಕ್ಕೆ. ಕಾಂಟ್ರಾಕ್ಟು ಬೇಕಾದವರು ಮಂಡಳಿಯವರಿಗೆ ದುಬಾರಿ ಊಟ, ಆಟದ ಟಿಕೆಟು ಅಂತ ಕೊಡಿಸಿದ್ದು ಹೊರಬಂತು. 2012ರಿಂದ ಕೇಸು, 2014ರ ಹೊತ್ತಿಗೆ ಹಲವರು ತಪ್ಪೊಪ್ಪಿಕೊಂಡರು. ಆಗಾಗ ಊಟ ಕೊಡಿಸಿದ್ದರಲ್ಲಿ ಏನಿದೆ ಅಂತ ಅವರಿಗೂ ಅನ್ನಿಸಿರಬೇಕು. ನಮ್ಮ ಕಡೆ ಕಾಫಿಗೆ ಕರೆದರೆ ಬೇಡ ಅನ್ನೋಕಾಗುತ್ತಾ, ಹಾಗೆ.

ಆದರೆ ನನ್ನ ತಲೆ ಕೊರೆಯುವುದು ಇನ್ನೊಂದು, ಪೊವೇ ಶಾಲಾ ಜಿಲ್ಲೆಯದು. ನಮ್ಮವರು ತುಂಬ ಇರುವ ಜಾಗ, ಒಳ್ಳೆ ಶಾಲೆ ಅಂತ ಮನೆ ಮಾಡುವವರು. ಅಲ್ಲಿಯ ಮಂಡಳಿ 2011ರಲ್ಲಿ ಸುಮಾರು 105 ಮಿಲಿಯನ್ ಡಾಲರ್ ಸಾಲ ಎತ್ತಿತು. ತೆರಿಗೆ ಜಾಸ್ತಿ ಮಾಡಲ್ಲ ಅಂತ ಜನಕ್ಕೆ ಮಾತು ಕೊಟ್ಟಿದ್ದರು, ಅದಕ್ಕೆ ಮೊದಲ 20 ವರ್ಷ ಕಂತೇ ಇಲ್ಲದ ಸಾಲ ಹುಡುಕಿದರು. ಕೊನೆಗೆ ತೀರಿಸಬೇಕಾದ್ದು ಹತ್ತಿರ ಹತ್ತಿರ ಒಂದು ಬಿಲಿಯನ್. ಒಂಬತ್ತು ಪಟ್ಟು! ಈಗ ಒಂದನೇ ಕ್ಲಾಸಿನಲ್ಲಿರುವ ಮಗು ದುಡಿಯೋಕೆ ಶುರು ಮಾಡಿದಾಗ ಕಂತು ಕಟ್ಟುತ್ತಾ ಇರುತ್ತದೆ. ಇದರಲ್ಲಿ ಕಾನೂನು ಎಲ್ಲೂ ಮುರಿದಿರಲಿಲ್ಲ. ಸಭೆ ನಡೆದಿತ್ತು, ಪಟ್ಟಿ ಅಂಟಿಸಿದ್ದರು, ಕೈ ಎತ್ತಿದ್ದರು. ಗಲಾಟೆ ಆದ ಮೇಲೆ 2013ರಲ್ಲಿ ರಾಜ್ಯ ಕಾನೂನು ಮಾಡಿತು, ಇಂಥ ಸಾಲ 25 ವರ್ಷ ದಾಟಬಾರದು, ನಾಲ್ಕು ಪಟ್ಟು ಮೀರಬಾರದು ಅಂತ. ಪೊವೇಯ ಸಾಲ ಹಾಗೇ ಇದೆ.

ಅದಕ್ಕೇ ತೆಂಗಿನಗರಿಯವರೇ, ಕಾನೂನಿಗೆ ತಪ್ಪೋ ಮನಸ್ಸಿಗೆ ತಪ್ಪೋ ಅಂತ ನೀವು ಕೇಳಿದ್ದು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೊಲದ_ಬದು:

ಒಂದು ಬಿಲಿಯನ್ ಎಲ್ಲಿ, ನಮ್ಮ 50,000 ಎಲ್ಲಿ! ಆದ್ರೂ ಆ 72 ಗಂಟೆ ಪಟ್ಟಿ ಅಂಟಿಸೋದು ಇಷ್ಟ ಆಯ್ತು. ಅದಕ್ಕೆ ದುಡ್ಡೇನೂ ಬೇಡ, ಒಂದು ಹಾಳೆ ಸಾಕು. ಹಾಲಿನ ಡೇರಿ ಗೋಡೆಗೆ ಅಂಟಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ತೆಂಗಿನಗರಿ:

ಹತ್ತು ದಿನ ಆಯಿತು, ನಡೆದದ್ದು ಹೇಳುತ್ತೇನೆ.

ಬೆಂಚು ಅಕ್ಕ ಹೇಳಿದ ಹಾಗೆ ಮೊದಲು ಅಧ್ಯಕ್ಷರ ಮನೆಗೆ ಹೋದೆ. ಕಾಫಿ ಕೊಟ್ಟರು. ವಿಷಯ ಎತ್ತಿದ ಕೂಡಲೇ ಮುಖ ಬಿಗಿಯಿತು. "ನನ್ನ ಮೇಲೆ ಅನುಮಾನನಾ?" ಅಂದರು. "ನಿಮ್ಮ ಮೇಲಲ್ಲ ಅಣ್ಣ, ನನ್ನ ಸಹಿ ಮೇಲೆ" ಅಂದೆ. ಇದನ್ನು ದಾರಿಯಲ್ಲಿ ಯೋಚಿಸಿಕೊಂಡು ಹೋಗಿದ್ದೆ, ಸುಳ್ಳಲ್ಲ. ಅವರು ಏನೂ ಹೇಳಲಿಲ್ಲ. ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಹೋದರು.

ಸಭೆ ಮಾತ್ರ ನಡೆಯಿತು. 18 ಪೋಷಕ ಸದಸ್ಯರಲ್ಲಿ 11 ಜನ ಬಂದಿದ್ದರು, ನಾನು ಬಂದ ಮೇಲೆ ಇಷ್ಟು ಜನ ಸೇರಿದ್ದು ಇದೇ ಮೊದಲು. ಪಟ್ಟಿಯನ್ನು ಡೇರಿ ಗೋಡೆಗೆ ನಾನೇ ಅಂಟಿಸಿದ್ದೆ, ಅದಕ್ಕಿರಬಹುದು. ಎಚ್‌ಎಂ ಎರಡೂ ಅರ್ಜಿಯ ಅಂಕ ಓದಿದರು. ಅಧ್ಯಕ್ಷರು ಹೊರಗೆ ಹೋಗಲಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೊರಗೆ ಮುಖ ಮಾಡಿ ಕೂತರು. ಉಪಾಧ್ಯಕ್ಷೆ ನಡೆಸಿದರು. ವರ್ಷದ ನಡುವೆ ಮೇಡಂ ಬದಲಾಯಿಸಿದರೆ ಮಕ್ಕಳಿಗೆ ತೊಂದರೆ ಅಂತ ಏಳು ಜನ, ಆ ಹುಡುಗಿಗೆ ಕೊಡಬೇಕು ಅಂತ ಮೂರು ಜನ. ನಾನು ಮೂವರಲ್ಲಿ. ಮುಂದಿನ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಕರೆದು ಅಂಕಪಟ್ಟಿ ಗೋಡೆಗೆ ಹಾಕಬೇಕು ಅಂತ ಬರೆದರು. ಸುಣ್ಣಬಣ್ಣದ ವೋಚರು ನೋಡಿದೆವು, ದರ ಸರಿಯಾಗೇ ಇತ್ತು. ಶೌಚಾಲಯಕ್ಕೆ ಮಾತ್ರ ಏನೂ ಖರ್ಚಾಗಿರಲಿಲ್ಲ, ಕಿಟ್ಟಿಯವರು ಗೆದ್ದರು.

ಆ ಹುಡುಗಿಯ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಜೂನ್ ತನಕ ಅವಳು ಏನು ಮಾಡ್ಲಿ?" ಅಂದರು.

ಮೇಷ್ಟ್ರೇ, ಒಂದು ಕೇಳಬೇಕಿತ್ತು. ಆ ಹಳೇ ಪುಟದಲ್ಲಿ ನನ್ನ ಸಹಿ ಇನ್ನೂ ಇದೆ. ಅದನ್ನು ಹೊಡೆದು ಹಾಕಬಹುದಾ?

ನಿವೃತ್ತ_ಮೇಷ್ಟ್ರು:

ಹಳೇ ಸಹಿ ಮುಟ್ಟಬೇಡಿ. ಅದರ ಕೆಳಗೆ ಜಾಗ ಇದ್ದರೆ, ಆವತ್ತು ಸಭೆ ನಡೆದಿರಲಿಲ್ಲ, ಓದದೆ ಸಹಿ ಹಾಕಿದೆ ಅಂತ ನಿಮ್ಮ ಕೈಬರಹದಲ್ಲೇ ಬರೆದು ಇವತ್ತಿನ ದಿನಾಂಕ ಹಾಕಿ. ಎಚ್‌ಎಂ ಎದುರಿಗೇ ಬರೆಯಿರಿ. ಜಾಗ ಇಲ್ಲದಿದ್ದರೆ ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿ.